ಆಧಾರವಿಲ್ಲದ ನಿರ್ಣಯ

ಶಿರೋಳದ ಎರೆಯ ಸೀಮೆಯಿಂದ ಬಂದ ನಮ್ಮ ಹುಡುಗಿಯೊಬ್ಬಳು ಪ್ರಬಂಧದಲ್ಲಿ, "ಪುಸ್ತಕ, ವಿದ್ಯೆ ಮೊದಲಾದ ಶಬ್ದಗಳಿರುವುದರಿಂದ ಕನ್ನಡವು ಸಂಸ್ಕೃತದಿಂದ ಹುಟ್ಟಿತು" ಎಂದು ಬರೆದಿದ್ದಳು. ಶಬ್ದಗಳಿರುವುದು ನಿಜ; ಅದರಿಂದ ತೆಗೆದ ನಿರ್ಣಯವು ನಿಲ್ಲದು. ಖುರ್ಚಿ, ವಕೀಲ ಎಂಬವು ಅರಬ್ಬೀ ಮೂಲದವು. ಆದುದರಿಂದ ಕನ್ನಡವು ಅರಬ್ಬಿಯ ಮಗಳೆನ್ನುವವರುಂಟೇ? (ಎಳೆಯ ವಯಸ್ಸಿನಲ್ಲಿ ನಾವೂ ಇದೇ ವಾಕ್ಯವನ್ನು ಬರೆದವರೇ.)

ಮದರಾಸಿನ ಅಧಿಕಾರಿಗಳಾಗಿದ್ದ ಎಲ್ಲಿಸರು 1816ರಲ್ಲಿ ಈ ಎರವಲುಗಳನ್ನು ಬದಿಗಿಟ್ಟು, ತೆಲುಗು, ಕನ್ನಡ, ತಮಿಳುಗಳ ಧಾತುಗಳನ್ನೇ ಹೋಲಿಸಿ ನೋಡಿದರು. 1856ರಲ್ಲಿ ಕಾಲ್ಡ್‌ವೆಲ್ಲರು ಸರ್ವನಾಮ, ಸಂಖ್ಯಾವಾಚಕಗಳನ್ನೂ ಒರೆಗೆ ಹಚ್ಚಿದರು. ಎರಡು, ಇರಂಡು, ರೆಂಡು, ಮೂರು, ಮೂನ್ರು, ಮೂಡು, ಇವು ಒಂದೆಡೆ. ದ್ವಿ, ತ್ರಿ ಇನ್ನೊಂದೆಡೆ. ವಿದ್ಯೆಗೂ ವ್ಯಾಪಾರಕ್ಕೂ ಬೇಕಾದ ಹೆಸರುಗಳನ್ನು ಭಾಷೆಯು ಸುಲಭವಾಗಿ ಎರವಲು ತರುತ್ತದೆ. ನಾನು, ನೀನು ಎಂಬವುಗಳನ್ನು ಅಷ್ಟು ಸುಲಭವಾಗಿ ತಾರದು.

ಇದನ್ನು ಕೇಳಿದ ಹುಡುಗಿ ಮರುವಾರ, "ಹಾಗಾದರೆ ಕನ್ನಡವು ತಮಿಳಿನ ಮಗಳು" ಎಂದು ಬರೆದು ತಂದಳು! ಹೋಲಿಕೆಯು ಒಡಹುಟ್ಟನ್ನು ತೋರಿಸಬಲ್ಲದು. ತಾಯಿ ಯಾರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಮೂರನೆಯ ಸಲ, "ಇವೆಲ್ಲ ಒಂದೇ ಮೂಲದವಾಗಿರಬೇಕು" ಎಂದಷ್ಟೇ ಬರೆದಳು. ಪೂರ್ಣ ಅಂಕಗಳನ್ನು ಕೊಟ್ಟೆವು.

ಈಗ ಮನೆಯಲ್ಲಿಯೂ ಮಾತುಮಾತಿಗೆ "ಅದಕ್ಕೇನು ಆಧಾರ?" ಎನ್ನುತ್ತಾಳೆಂದು ಅವಳ ತಾಯಿಯವರ ದೂರು. ಗದರಿಸಬೇಡಿರೆಂದು ಅವರನ್ನು ಕೇಳಿಕೊಂಡಿದ್ದೇವೆ.