ಮಿದುಳಿನ ಹಾನಿ, ಮೈಯ ಬಿಗಿತ

ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಕೆಲಕಾಲದಲ್ಲೇ ಮಗುವಿನ ಮಿದುಳಿಗಾಗುವ ಹಾನಿಯಿಂದ ಚಲನೆ ಮತ್ತು ಭಂಗಿಯ ಮೇಲಿನ ಹಿಡಿತ ತಪ್ಪುವ ಸ್ಥಿತಿಯೇ ಸೆರೆಬ್ರಲ್ ಪಾಲ್ಸಿ. ಅವಧಿಗೆ ಮುಂಚಿನ ಜನನ, ತೀವ್ರ ಕಾಮಾಲೆ, ಸೋಂಕು ಇದರ ಕಾರಣಗಳಲ್ಲಿ ಸೇರಿವೆ. ಬಟ್ಟೆ ಬದಲಿಸುವಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿಯುವುದು, ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುವುದು ಕಂಡಾಗ, ನಡಿಗೆ ತಡವಾದೀತೆಂದಷ್ಟೇ ಭಾವಿಸಿ ಕಾಯುವುದು ಸಲ್ಲದು; ವೈದ್ಯರಿಗೆ ತೋರಿಸಬೇಕು. ಅಂಕೋಲೆಯ ಒಳಹಳ್ಳಿಯಿಂದ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಚಿಕಿತ್ಸೆಗಾಗಿ ಮಗುವನ್ನು ಎತ್ತಿಕೊಂಡು ಪದೇಪದೇ ಬಸ್ಸೇರುವುದು ಸುಲಭವಲ್ಲವಾದ್ದರಿಂದ, ಉಣಿಸುವಾಗ, ಮೀಯಿಸುವಾಗ ಮಗುವನ್ನು ಹಿಡಿಯುವ ಕ್ರಮವನ್ನು ಫಿಸಿಯೋಥೆರಪಿಸ್ಟರಿಂದ ತಾಯಿಯಷ್ಟೇ ಅಲ್ಲ, ತಂದೆಯೂ ಅಜ್ಜಿಯೂ ಕಲಿಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ಸ್ಥಿತಿಯೂ ಇರುವುದರಿಂದ, ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸುವುದನ್ನು ಮುಂದೂಡಬಾರದು.