ಉಪ್ಪಲ್‌ನ ಚಾವಣಿಗಳು ಬೆಳ್ಳಗಾಗಲಿ

ನಾಗೋಲ್‌ನಿಂದ ಹೊರಟ ಮೆಟ್ರೊ ಉಪ್ಪಲ್, ಸ್ಟೇಡಿಯಂ, ಎನ್‌ಜಿಆರ್‌ಐ ನಿಲ್ದಾಣಗಳನ್ನು ದಾಟಿ ತಾರ್ನಾಕದ ಕಡೆ ಸಾಗುವಾಗ ಹೈದರಾಬಾದಿನ ಪೂರ್ವಭಾಗದ ಚಾವಣಿಗಳು ಕಿಟಕಿಯ ಕೆಳಗೆ ಹರಡಿಕೊಳ್ಳುತ್ತವೆ. ಬೂದು ಬಣ್ಣದ ಆರ್‌ಸಿಸಿ ತಾರಸಿಗಳು, ಅವುಗಳ ಮೇಲೆ ಕಪ್ಪು ನೀರಿನ ಟ್ಯಾಂಕುಗಳು, ನಡುನಡುವೆ ತಗಡು ಮತ್ತು ಸಿಮೆಂಟ್ ಶೀಟಿನ ಮನೆಗಳ ಸಾಲು. ಏಪ್ರಿಲ್–ಮೇ ತಿಂಗಳ ನಡುಹಗಲಿನಲ್ಲಿ ಇವುಗಳ ಒಂದೊಂದು ಚದರ ಮೀಟರಿನ ಮೇಲೂ ಹತ್ತಿರಹತ್ತಿರ 1,000 ವ್ಯಾಟ್ ಬಿಸಿಲು ಬೀಳುತ್ತದೆ. 50 ಚದರ ಮೀಟರಿನ ಚಿಕ್ಕ ಮನೆಯೂ ತಲೆಯ ಮೇಲೆ 50 ಕಿಲೊವ್ಯಾಟ್ ಶಕ್ತಿಯನ್ನು ಹೊರುತ್ತದೆ. ಅದರಲ್ಲಿ ಎಷ್ಟು ಆಕಾಶಕ್ಕೆ ಮರಳುತ್ತದೆ, ಎಷ್ಟು ಮನೆಯೊಳಗೆ ಇಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಚಾವಣಿಯ ಮೇಲ್ಮೈ ನಿರ್ಧರಿಸುತ್ತದೆ.

ಮನೆಗಳನ್ನು ಹವಾಮಾನಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳಲು ಸರ್ಕಾರವೇ ಹಣ ಕೊಡುವ ಪದ್ಧತಿ ಚಳಿ ದೇಶಗಳಲ್ಲಿ ಹಳೆಯದು. ತೈಲ ಬಿಕ್ಕಟ್ಟಿನಿಂದ ಕಂಗೆಟ್ಟ ಅಮೆರಿಕ 1976ರಲ್ಲಿ ಕಡಿಮೆ ಆದಾಯದವರ ಮನೆಗಳಿಗೆ ಸರ್ಕಾರದ ಖರ್ಚಿನಲ್ಲಿ ಉಷ್ಣನಿರೋಧಕ ಹೊದಿಸುವ ಕಾರ್ಯಕ್ರಮ ಹಾಕಿಕೊಂಡಿತು. ಅದು ಇಂದಿಗೂ ಉಳಿದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಳೆಯ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸುವವರಿಗೆ 2023ರಿಂದ 7,500 ಪೌಂಡ್ ಸಹಾಯಧನ ದೊರೆಯುತ್ತಿದೆ. ಅಲ್ಲಿಯ ಚಿಂತೆ ಮನೆಯನ್ನು ಬೆಚ್ಚಗಿಡುವುದು, ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆಯುವುದು. ದಖ್ಖನಿನ ಚಿಂತೆ ಹೊರಗಿನ ಬಿಸಿ ಒಳಗೆ ಬರದಂತೆ ತಡೆಯುವುದು. ಶಾಖ ಬಿಸಿಯಿದ್ದ ಕಡೆಯಿಂದ ತಂಪಿದ್ದ ಕಡೆಗೆ ಹರಿಯುತ್ತದೆ ಎಂಬ ನಿಯಮ ಎರಡೂ ಕಡೆ ಒಂದೇ.

ಈ ದಾರಿಯಲ್ಲಿ ತೆಲಂಗಾಣ ಒಂದು ದೊಡ್ಡ ಹೆಜ್ಜೆ ಇಟ್ಟಿದೆ. 2023ರ ಏಪ್ರಿಲ್ 3ರಂದು ಆ ರಾಜ್ಯ 2023–28ರ ತಂಪು ಚಾವಣಿ ನೀತಿಯನ್ನು ಪ್ರಕಟಿಸಿತು. ಬಿಳಿ ಲೇಪನದಂಥ ಉಪಾಯದಿಂದ ಬಿಸಿಲನ್ನು ಹಿಂದಕ್ಕೆ ಕಳಿಸುವ ಚಾವಣಿಯೇ ತಂಪು ಚಾವಣಿ. ದೇಶದ ರಾಜ್ಯವೊಂದು ಇಂಥ ನೀತಿ ತಂದದ್ದು ಅದೇ ಮೊದಲು. 2028ರ ಹೊತ್ತಿಗೆ ರಾಜ್ಯದಲ್ಲಿ 300 ಚದರ ಕಿಲೊಮೀಟರ್ ತಂಪು ಚಾವಣಿ ಆಗಬೇಕು, ಅದರಲ್ಲಿ 200 ಚದರ ಕಿಲೊಮೀಟರ್ ಹೈದರಾಬಾದಿನಲ್ಲೇ ಆಗಬೇಕು ಎಂಬುದು ಗುರಿ.

ಬಿಸಿ ಇಳಿಯುವ ಬಗೆ

ಹಳೆಯ ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಹಿಂದಕ್ಕೆ ಕಳಿಸಿ ಉಳಿದದ್ದನ್ನು ಹೀರಿಕೊಳ್ಳುತ್ತದೆ. ಹೀರಿದ ಶಾಖ ಸ್ಲ್ಯಾಬಿನ ದಪ್ಪವನ್ನು ದಾಟಿ ಕೆಳಮೈ ತಲುಪಲು ಕೆಲವು ಗಂಟೆ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲು ಕೋಣೆಗೆ ಮುಟ್ಟುವುದು ಸಂಜೆಗೆ. ಒಲೆ ಆರಿಸಿದ ಮೇಲೂ ರೊಟ್ಟಿ ಹಂಚು ಕಾದೇ ಇರುವಂತೆ, ಸೂರ್ಯ ಮುಳುಗಿ ಹೊರಗೆ ಗಾಳಿ ತಣ್ಣಗಾದರೂ ಸ್ಲ್ಯಾಬ್ ರಾತ್ರಿಯವರೆಗೆ ಶಾಖವನ್ನು ಕೆಳಕ್ಕೆ ಸೂಸುತ್ತಿರುತ್ತದೆ. ಮೇಲಂತಸ್ತಿನಲ್ಲಿ ಮಲಗಿದವರಿಗೆ ಫ್ಯಾನ್ ಹಾಕಿದರೂ ಸೆಕೆ ಹೋಗದಿರುವುದಕ್ಕೆ ಇದೇ ಕಾರಣ. ಫ್ಯಾನ್ ಗಾಳಿಯನ್ನು ಆಡಿಸಬಲ್ಲದು. ಕಾದ ಚಾವಣಿಯಿಂದ ನೇರವಾಗಿ ಮೈಗೆ ಬಂದು ತಾಗುವ ವಿಕಿರಣವನ್ನು ಅದು ತಡೆಯಲಾರದು.

ತಗಡಿನ ಕಥೆ ಬೇರೆ. ಅದು ತೆಳು. ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ, ಸಂಜೆಯಾದರೆ ಬೇಗ ಆರುತ್ತದೆ. ಹೊಳೆಯುವ ಹೊಸ ತಗಡು ಬಿಸಿಲನ್ನು ಚೆನ್ನಾಗಿಯೇ ಪ್ರತಿಫಲಿಸುತ್ತದೆ, ಆದರೂ ಮುಟ್ಟಿದರೆ ಸುಡುತ್ತದೆ. ಇಲ್ಲಿ ಎರಡು ಗುಣಗಳನ್ನು ಬೇರೆಯಾಗಿ ನೋಡಬೇಕು. ಒಂದು, ಬಿಸಿಲನ್ನು ಹಿಂದಕ್ಕೆ ಕಳಿಸುವ ಪ್ರತಿಫಲನ. ಇನ್ನೊಂದು, ಹೀರಿದ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುವ ಉತ್ಸರ್ಜನೆ. ಬರಿಯ ಲೋಹ ಮೊದಲನೆಯದರಲ್ಲಿ ಜಾಣ, ಎರಡನೆಯದರಲ್ಲಿ ಜಿಪುಣ. ಒಮ್ಮೆ ಹೀರಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಬಿಳಿ ಲೇಪನಕ್ಕೆ ಎರಡು ಗುಣಗಳೂ ಇವೆ. ಹೊಸ ಬಿಳಿ ಲೇಪನ ನೂರರಲ್ಲಿ ಎಂಬತ್ತು ಪಾಲಿನಷ್ಟು ಬಿಸಿಲನ್ನು ಹಿಂತಿರುಗಿಸುತ್ತದೆ, ಉಳಿದುದರಲ್ಲೂ ಬಹುಪಾಲನ್ನು ಮೇಲಕ್ಕೇ ಸೂಸುತ್ತದೆ. ಬೇಸಿಗೆಯ ಒಣ ಹವೆ, ಮೋಡವಿಲ್ಲದ ರಾತ್ರಿಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಚಳಿಗಾಲದಲ್ಲಿ ಮನೆ ತೀರ ತಣ್ಣಗಾದೀತೆಂಬ ಅಂಜಿಕೆಗೂ ಕಾರಣವಿಲ್ಲ. ಆಗ ಸೂರ್ಯ ಓರೆಯಾಗಿರುತ್ತಾನೆ, ಹೈದರಾಬಾದಿನ ಚಳಿಯೂ ಅಷ್ಟು ಕಡುವಲ್ಲ.

ಉಷ್ಣನಿರೋಧಕ ಇದಕ್ಕೆ ಜೊತೆಗಾರ. ಸ್ಲ್ಯಾಬಿನ ಮೇಲೆ ಫೋಮ್ ಹಲಗೆ ಹಾಕಿ ಟೈಲ್ಸ್ ಕೂಡಿಸಿದರೆ ಶಾಖದ ಹರಿವು ಇನ್ನಷ್ಟು ನಿಧಾನವಾಗುತ್ತದೆ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಂಧನ ಉಳಿತಾಯದ ಸಂಹಿತೆ ‘ಇಕೊ ನಿವಾಸ್ ಸಂಹಿತಾ’ ಈ ಹರಿವಿಗೊಂದು ಮಿತಿ ಹಾಕಿದೆ. ಒಳಗಿಗೂ ಹೊರಗಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚಾವಣಿಯ ಒಂದು ಚದರ ಮೀಟರಿನಿಂದ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು ಎಂದು ಅದು ಹೇಳುತ್ತದೆ. ಬರಿಯ ಸ್ಲ್ಯಾಬಿನಲ್ಲಿ 3 ವ್ಯಾಟ್‌ಗೂ ಹೆಚ್ಚು ದಾಟುತ್ತದೆ.

ಅಳೆದು ನೋಡಿದ ಲಾಭ

ಹೈದರಾಬಾದಿನಲ್ಲಿ ಇದು ಪುಸ್ತಕದ ಲೆಕ್ಕವಾಗಿ ಉಳಿದಿಲ್ಲ. ಇಲ್ಲಿಯ ಐಐಐಟಿ ಹಾಗೂ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಸಂಶೋಧಕರು ಮಹಾನಗರ ಪ್ರದೇಶದಲ್ಲಿ ಒಂದೇ ತೆರನಾದ ಎರಡು ಎ.ಸಿ. ಕಟ್ಟಡಗಳನ್ನು ಅಳೆದು, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರಿಯ ಕಾಂಕ್ರೀಟ್ ಚಾವಣಿಯನ್ನು ಬೆಳ್ಳಗೆ ಮಾಡಿದರೆ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 13–14 ಯೂನಿಟ್, ಕಪ್ಪು ಚಾವಣಿಯಾದರೆ 20–22 ಯೂನಿಟ್ ವಿದ್ಯುತ್ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ಎ.ಸಿ. ಇಲ್ಲದ ಬಡವರ ಮನೆಗಳಲ್ಲೂ ಪ್ರಯೋಗ ನಡೆದಿದೆ. 2017ರಲ್ಲಿ ನಗರದ ದೇವರಕೊಂಡ ಬಸ್ತಿಯ 25 ಮನೆಗಳ ಚಾವಣಿಗೆ ಬಿಸಿಲು ಹಿಮ್ಮೆಟ್ಟಿಸುವ ಪಾಲಿಥಿನ್ ಹೊದಿಕೆ ಹಾಕಿ ನೋಡಿದಾಗ, ಒಳಗಿನ ತಾಪ ಸರಾಸರಿ 2 ಡಿಗ್ರಿ ಇಳಿಯಿತು.

ಎರಡೇ ಡಿಗ್ರಿ ಎಂದು ಕಡೆಗಣಿಸುವಂತಿಲ್ಲ. ಹಗಲಿಡೀ ಬಿಸಿಲಲ್ಲಿ ದುಡಿದ ದೇಹ ರಾತ್ರಿಯ ತಂಪಿನಲ್ಲಿ ಚೇತರಿಸಿಕೊಳ್ಳಬೇಕು. ರಾತ್ರಿಯೂ ಬಿಸಿಯಾಗಿದ್ದರೆ ಮರುದಿನದ ಬಿಸಿಲನ್ನು ತಾಳುವ ಶಕ್ತಿ ಕುಂದುತ್ತದೆ. ವೃದ್ಧರು, ಹಸುಗೂಸುಗಳು, ಹೃದ್ರೋಗಿಗಳು ಮೊದಲು ಕುಸಿಯುತ್ತಾರೆ.

ನೀತಿಯಲ್ಲಿ ಉಳಿದ ಕಂಡಿ

ತೆಲಂಗಾಣದ ನೀತಿ ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ, ಸರ್ಕಾರ ಕಟ್ಟಿಕೊಡುವ ಬಡವರ ಮನೆಗಳಿಗೆ, 600 ಚದರ ಗಜ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಮನೆಗಳಿಗೆ ತಂಪು ಚಾವಣಿಯನ್ನು ಕಡ್ಡಾಯ ಮಾಡಿದೆ. ಅದಕ್ಕಿಂತ ಚಿಕ್ಕ ನಿವೇಶನದವರಿಗೆ ಇದು ಅವರವರ ಇಷ್ಟ. ಉಪ್ಪಲ್, ರಾಮಂತಾಪುರ, ಬೋಡುಪ್ಪಲ್ ಕಡೆ ಸಾಮಾನ್ಯರು ಬದುಕುವುದು ಇಂಥ ಚಿಕ್ಕ ನಿವೇಶನಗಳಲ್ಲಿ. ಶೀಟಿನ ಮನೆಗಳೂ ಅಲ್ಲೇ ಇವೆ. ಬಿಸಿ ಯಾರಿಗೆ ಹೆಚ್ಚು ತಟ್ಟುತ್ತದೋ ಅವರನ್ನು ಅವರ ಜೇಬಿನ ಪಾಡಿಗೆ ಬಿಟ್ಟಂತಾಗಿದೆ.

ನೀತಿ ಬಿಡುಗಡೆಯಾದಾಗ ಹೇಳಿದ ಖರ್ಚು ಚದರ ಮೀಟರಿಗೆ ಸುಮಾರು 300 ರೂಪಾಯಿ. 50 ಚದರ ಮೀಟರಿಗೆ 15,000 ರೂಪಾಯಿ ಆಗುತ್ತದೆ. ದಿನಗೂಲಿಯ ಕುಟುಂಬಕ್ಕೆ ಅದು ಒಮ್ಮೆಲೇ ಹೊಂದಿಸಲಾಗದ ಮೊತ್ತ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ತಾರಸಿಗೆ ಸೌರಫಲಕ ಹಾಕಿಸುವ ಮನೆಗೆ ಕೇಂದ್ರ ಸರ್ಕಾರ 78,000 ರೂಪಾಯಿವರೆಗೆ ಕೊಡುತ್ತದೆ. ಒಳ್ಳೆಯ ಯೋಜನೆ. ಫಲಕದ ನೆರಳಿನಿಂದ ಚಾವಣಿಯೂ ತಂಪಾಗುತ್ತದೆ. ಆದರೆ ತಗಡಿನ ಮನೆಯವರು, ಬಾಡಿಗೆದಾರರು ಅದನ್ನು ಪಡೆಯುವುದು ಕಷ್ಟ. ಒಂದು ಸೌರ ಸಹಾಯಧನದ ಹಣದಲ್ಲಿ ಇಂಥ ಐದು ಮನೆಗಳ ಚಾವಣಿಗೆ ಬಿಳಿ ಲೇಪನ ಮಾಡಬಹುದು.

ಬಾಡಿಗೆ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಖರ್ಚು ಮಾಡಬೇಕಾದವರು ಮಾಲೀಕರು, ಸೆಕೆ ಉಣ್ಣುವವರು ಬಾಡಿಗೆದಾರರು. ಅಮೆರಿಕದ ಕಾರ್ಯಕ್ರಮ ಇದಕ್ಕೆ ದಾರಿ ಹುಡುಕಿದೆ. ಮಾಲೀಕರ ಒಪ್ಪಿಗೆ ಪಡೆದು ಕೆಲಸ ಮಾಡಿಸುತ್ತಾರೆ, ಆ ನೆಪದಲ್ಲಿ ಬಾಡಿಗೆ ಏರಿಸದಂತೆ ಕರಾರು ಹಾಕುತ್ತಾರೆ. ಇಲ್ಲಿಯೂ ಅದು ಸಾಧ್ಯ.

ಕಲ್ಯಾಣ ಕರ್ನಾಟಕಕ್ಕೂ ಇದೇ ಪಾಠ

1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಕಲಬುರಗಿ, ರಾಯಚೂರುಗಳ ಬಿಸಿಲೂ ಇದೇ ಬಗೆಯದು. ಅಲ್ಲಿಯ ಹಳೆಯ ಮಣ್ಣಿನ ಮಾಳಿಗೆಗಳು ದಪ್ಪ ಮಣ್ಣಿನ ಪದರದಲ್ಲೇ ಹಗಲಿನ ಶಾಖವನ್ನು ತಡೆದು ನಿಲ್ಲಿಸುತ್ತಿದ್ದವು. ಆದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಮೇಲುಮಣ್ಣು ಹಾಕಬೇಕಿತ್ತು, ಜಡಿಮಳೆಗೆ ಕುಸಿಯುವ ಭಯವೂ ಇತ್ತು. ಆ ಜಾಗಕ್ಕೆ ಸ್ಲ್ಯಾಬ್ ಮತ್ತು ತಗಡು ಬಂದವು. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವುದು ರೂಢಿಯಾಗಿದೆ. ಅಲ್ಲಿಯ ಬಿಸಿಲು ತಾಳಲಾಗದ್ದೆಂದು ಸರ್ಕಾರವೇ ಒಪ್ಪಿದೆ ಎಂದಾಯಿತು. ಕಚೇರಿಗೆ ಸಿಕ್ಕ ಈ ಕಾಳಜಿ ಮನೆಗಳ ಚಾವಣಿಗೂ ಸಿಗಬೇಕು.

ಸಹಾಯಧನ ಬರುವತನಕ ಕೈಕಟ್ಟಿ ಕೂರಬೇಕಿಲ್ಲ. ಮಾರ್ಚ್‌ಗೆ ಮೊದಲೇ ತಾರಸಿ ಗುಡಿಸಿ ತೊಳೆದು, ಬಿರುಕು ಮುಚ್ಚಿ, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೈ ಬಳಿದರೂ ಆ ಬೇಸಿಗೆಗೆ ವ್ಯತ್ಯಾಸ ಕಾಣುತ್ತದೆ. ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಲೇಪನವಾದರೆ ಕೆಲವು ವರ್ಷ ಬಾಳುತ್ತದೆ. ಯಾವುದೇ ಆದರೂ ಧೂಳು ಕೂತಂತೆ ಪ್ರತಿಫಲನ ತಗ್ಗುವುದರಿಂದ ಬೇಸಿಗೆಗೆ ಮೊದಲು ಒಮ್ಮೆ ತೊಳೆಯಬೇಕು. ಸಿಮೆಂಟ್ ಶೀಟು ಹಳೆಯದಾಗಿದ್ದರೆ ಅದನ್ನು ಉಜ್ಜಬಾರದು, ಅದರಲ್ಲಿರಬಹುದಾದ ಆಸ್ಬೆಸ್ಟಾಸ್ ಎಳೆಗಳು ಶ್ವಾಸಕೋಶಕ್ಕೆ ಅಪಾಯ.

ಆದರೆ ಒಂದೊಂದು ಮನೆ ತನ್ನಷ್ಟಕ್ಕೆ ತಾನು ಸುಣ್ಣ ಬಳಿದುಕೊಂಡರೆ 300 ಚದರ ಕಿಲೊಮೀಟರಿನ ಗುರಿ ಮುಟ್ಟಲಾಗದು. ಬೆಚ್ಚಗಿನ ಮನೆಯ ಅಗತ್ಯ ಅರಿತ ಚಳಿ ದೇಶಗಳು ಅದಕ್ಕೆ ಬಜೆಟ್‌ನಲ್ಲಿ ಹಣ ಇಟ್ಟವು. ದಖ್ಖನಿನ ಸರ್ಕಾರಗಳು ತಂಪು ಮನೆಗೆ ಅದೇ ಬೆಲೆ ಕೊಡಲಿ. ಶೀಟಿನ ಮನೆಗಳಿಂದ ಆರಂಭಿಸಿ, ಬಾಡಿಗೆದಾರರನ್ನೂ ಸೇರಿಸಿಕೊಂಡು, ಚದರ ಮೀಟರಿನ ಲೆಕ್ಕದಲ್ಲಿ ಸಹಾಯಧನ ಕೊಡಲಿ. ಇದರ ವಿಜ್ಞಾನ ಸ್ಪಷ್ಟವಿದೆ, ಖರ್ಚು ಕೈಗೆಟುಕುವಷ್ಟಿದೆ, ನಮ್ಮ ಊರಿನ ಚಾವಣಿಗಳ ಮೇಲೆಯೇ ಅಳೆದ ಪುರಾವೆಯೂ ಇದೆ.