ಗೋಡೆ ಕೆಡವುವ ಮುನ್ನ ಮಾತು ಮುಗಿಯಲಿ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಬಲ್ಲವರೇ ನಾವೆಲ್ಲ. ಆದರೆ ಹೊಸ ಮನೆ ಕಟ್ಟುವುದಕ್ಕಿಂತಲೂ ಹಳೆಯ ಮನೆಯನ್ನು ಮಾರ್ಪಡಿಸುವುದು ತೊಡಕಿನ ಕೆಲಸ. ಹೊಸ ಮನೆಯಲ್ಲಿ ಪಾಯದಿಂದ ಎಲ್ಲವೂ ಕಣ್ಣೆದುರಿಗೇ ಏಳುತ್ತದೆ. ಹಳೆಯ ಮನೆಯಲ್ಲಿ ಅರ್ಧ ಸಂಗತಿ ಗಾರೆಯ ಹಿಂದೆ ಅಡಗಿರುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳೆಯ ಮನೆಗಳಲ್ಲಿ ಅನೇಕವು ಮಣ್ಣಿನ ಮಾಳಿಗೆಯವು. ಮಳೆ ಕಡಿಮೆಯ ಸೀಮೆಗೆ ಅವು ತಕ್ಕವಾಗಿಯೇ ಇದ್ದವು. ಆದರೆ 2022ರ ಮಳೆಗಾಲವನ್ನು ನಾವು ಮರೆತಿಲ್ಲ. ಆ ವರ್ಷ ಸುಮಾರು ತೊಂಬತ್ತು ವರ್ಷಗಳ ಬಳಿಕ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅಂಥ ಮಳೆಯಲ್ಲಿ ಸೋರಿದ ಮಾಳಿಗೆಯನ್ನು ತೆಗೆಸಿ ಆರ್.ಸಿ.ಸಿ. ಹಾಕಿಸೋಣ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ತಪ್ಪಾಗುವುದೂ ಇಲ್ಲಿಯೇ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇವೆ. ಪಡಸಾಲೆ ವಿಶಾಲವಾಗಲೆಂದು ನಡುವಿನ ಎರಡು ಕಂಬ ತೆಗೆಸಿ ಮೇಲೆ ಕಾಂಕ್ರೀಟ್ ಹಾಕಿಸುವುದೆಂದು ಜಗಲಿಯ ಮೇಲೆ ಕುಳಿತು ಬಾಯಿಮಾತಿನಲ್ಲೇ ಗುತ್ತಿಗೆ ಕೊಟ್ಟೆವು. ಮಾಳಿಗೆ ಇಳಿಸಿದ ಮೂರನೆಯ ದಿನ ಗೋಡೆಯಲ್ಲಿ ಬಿರುಕು ಕಂಡಿತು. ಕೇಳಿದರೆ, “ಗೋಡೆ ಜವಾಬ್ದಾರಿ ಮಾತಲ್ಲಿ ಇರ್ಲಿಲ್ಲ ಯಜಮಾನ್ರೆ” ಎಂದರು ಮೇಸ್ತ್ರಿ. ಅವರು ಹೇಳಿದ್ದು ನಿಜವೇ. ಆ ಮಾತನ್ನು ನಾವು ಆಡಿಯೇ ಇರಲಿಲ್ಲ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮನೆ ಮಂದಿಯೆಲ್ಲ ಆರು ತಿಂಗಳು ದನದ ಕೊಟ್ಟಿಗೆಯ ಪಕ್ಕದಲ್ಲಿ ಅಡುಗೆ ಮಾಡಿಕೊಂಡೆವು.

ಭಾರ ಹೊರುವವರು ಯಾರು?

ಮೊದಲು ಇದನ್ನು ತಿಳಿಯಬೇಕು. ಐದು ಅಂಗುಲ ದಪ್ಪದ ಕಾಂಕ್ರೀಟ್ ಒಂದು ಚದರಕ್ಕೆ, ಅಂದರೆ ನೂರು ಚದರ ಅಡಿಗೆ, ಸುಮಾರು ಮೂರು ಟನ್ ತೂಗುತ್ತದೆ. ಅರ್ಧ ಅಡಿ ಮಣ್ಣಿನ ಮಾಳಿಗೆಯೂ ಹಗುರವಲ್ಲ. ಅದೂ ಎರಡೂವರೆ ಟನ್ನಿನ ಸಮೀಪ ಬರುತ್ತದೆ. ಹಾಗಾದರೆ ವ್ಯತ್ಯಾಸವೇನು? ಮಣ್ಣಿನ ಮಾಳಿಗೆಯ ಭಾರ ಜಂತೆಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ ಇಳಿಯುತ್ತದೆ. ಗೋಡೆಗೆ ಬರುವುದು ಒಂದು ಪಾಲು ಮಾತ್ರ. ಕಂಬ ತೆಗೆದು ಕಾಂಕ್ರೀಟ್ ಹಾಕಿದರೆ ಇಡೀ ಭಾರ ಮಣ್ಣಿನ ಗೋಡೆಯ ಮೇಲೆ ಕೂರುತ್ತದೆ. ಆ ಗೋಡೆಯನ್ನು ಅಷ್ಟು ಭಾರಕ್ಕೆಂದು ಯಾರೂ ಕಟ್ಟಿದ್ದಲ್ಲ. ಎರೆ ನೆಲವಾದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ.

ಇದಕ್ಕೆ ದಾರಿ ಮೂರು. ಮಾಳಿಗೆಯನ್ನು ಉಳಿಸಿಕೊಂಡು ಹಾಳಾದ ತೊಲೆ ಬದಲಿಸಿ ಮೇಲ್ಭಾಗವನ್ನು ಸರಿಪಡಿಸುವುದು ಒಂದು. ಹಗುರವಾದ ಹೆಂಚನ್ನೋ ಶೀಟನ್ನೋ ಹೊದಿಸುವುದು ಎರಡನೆಯದು. ಕಾಂಕ್ರೀಟೇ ಬೇಕೆಂದರೆ, ಪ್ರತ್ಯೇಕ ಪಾಯದಿಂದ ಹೊಸ ಪಿಲ್ಲರ್ ಎಬ್ಬಿಸಿ ಹಳೆಯ ಗೋಡೆಗೆ ಭಾರ ತಾಗದಂತೆ ಮಾಡುವುದು ಮೂರನೆಯದು. ಯಾವುದೆಂಬುದನ್ನು ಒಬ್ಬ ಇಂಜಿನಿಯರಿಗೆ ತೋರಿಸಿ ತೀರ್ಮಾನಿಸಿರಿ. ಅವರ ಫೀಜು ಒಂದು ಬಿರುಕಿನ ರಿಪೇರಿಗಿಂತ ಅಗ್ಗ.

ಮೇಸ್ತ್ರಿಯೊಡನೆ ಮನೆ ಸುತ್ತಿರಿ

ದರ ಕೇಳುವ ಮೊದಲು ಮೇಸ್ತ್ರಿಯನ್ನು ಕರೆದು ಮನೆಯನ್ನು ಪೂರ್ತಿ ತೋರಿಸಿರಿ. ಮೂರು ನಾಲ್ಕು ಕಡೆ ಗಾರೆ ಕಿತ್ತು ಒಳಗಿರುವುದು ಕಲ್ಲೋ, ಇಟ್ಟಿಗೆಯೋ, ಮಣ್ಣೋ ಎಂದು ಇಬ್ಬರೂ ನೋಡಿರಿ. ಗೋಡೆಯ ಬುಡದಲ್ಲಿ ಒಂದು ಗುಂಡಿ ತೆಗೆದರೆ ಪಾಯ ಎಷ್ಟು ಆಳವಿದೆ ಎಂದು ತಿಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಕುಳಿತಿರುವ ಜಾಗವನ್ನು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿರಿ. ಗೆದ್ದಲೂ ಕೊಳೆತವೂ ಮೊದಲು ಹಿಡಿಯುವುದು ಅಲ್ಲಿಯೇ. ಹೀಗೆ ನೋಡಿದ ಬಳಿಕ ಹೇಳುವ ದರಕ್ಕೂ ಜಗಲಿಯ ಮೇಲೆ ಕುಳಿತು ಹೇಳುವ ದರಕ್ಕೂ ಬಹಳ ಅಂತರವಿರುತ್ತದೆ.

ಚದರಕ್ಕೆ ಇಷ್ಟು ಎಂದರೆ ಏನೇನು?

ಜಗಳಗಳಲ್ಲಿ ಹೆಚ್ಚಿನವು ಇಲ್ಲಿಂದ ಹುಟ್ಟುತ್ತವೆ. ಆದ್ದರಿಂದ ಕೆಳಗಿನವನ್ನು ಒಂದೊಂದಾಗಿ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

1. ಗುತ್ತಿಗೆ ಕೂಲಿಗೆ ಮಾತ್ರವೋ, ಸಾಮಾನು ಸಮೇತವೋ?
2. ಅಳತೆ ಗೋಡೆಯ ಹೊರಗಿನಿಂದಲೋ, ಒಳಗಿನಿಂದಲೋ? ಸಜ್ಜಾ, ಮೆಟ್ಟಿಲು, ಪ್ಯಾರಾಪೆಟ್, ಸಂಪು ಲೆಕ್ಕದಲ್ಲಿ ಸೇರಿವೆಯೋ?
3. ಸೆಂಟ್ರಿಂಗ್ ಸಾಮಾನು, ಮಿಕ್ಸರ್ ಬಾಡಿಗೆ, ಡೀಸೆಲ್ ಯಾರ ಪಾಲು?
4. ಕೆಡವುವ ಕೂಲಿ, ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಖರ್ಚು ಯಾರದು? ಕೆಡವುವಾಗ ಉಳಿದ ಭಾಗಕ್ಕೆ ಆಸರೆ ಕೊಡುವವರು ಯಾರು?
5. ಇಳಿಸಿದ ತೊಲೆ, ಬಾಗಿಲುವಾಡ, ಚಪ್ಪಡಿ ಯಾರಿಗೆ ಸೇರಬೇಕು? ಹಳೆಯ ಮರಕ್ಕೆ ಇಂದು ಒಳ್ಳೆಯ ಬೆಲೆಯಿದೆ. ಮಾತಾಡದಿದ್ದರೆ ಅದು ರಾತ್ರೋರಾತ್ರಿ ಗಾಡಿ ಹತ್ತುತ್ತದೆ.

ಮಾಳಿಗೆಯಿಂದ ಇಳಿಸಿದ ಚೌಳು ಮಣ್ಣನ್ನು ಹೊಸ ಪಾಯದೊಳಕ್ಕೆ ತುಂಬಿಸಬಾರದೆಂದೂ ಹೇಳಿಡಿ. ಅದರ ಉಪ್ಪು ತೇವದೊಡನೆ ಗೋಡೆಗೆ ಏರಿ ಗಾರೆಯನ್ನು ಉದುರಿಸುತ್ತದೆ.

ಸಾಮಾನು ತಾವೇ ತರುವುದಾದರೆ ಒಂದು ಲೆಕ್ಕ ನೆನಪಿರಲಿ. 2000ನೇ ಇಸವಿಯ ಐ.ಎಸ್. 456 ಮಾನಕದಂತೆ ಕಬ್ಬಿಣ ಹಾಕಿದ ಕಾಂಕ್ರೀಟ್ ಎಂ-20 ದರ್ಜೆಗಿಂತ ಕಡಿಮೆಯಿರಬಾರದು. ರೂಢಿಯ ಅಳತೆಯಲ್ಲಿ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಐದು ಅಂಗುಲದ ತಾರಸಿಗೆ ಚದರಕ್ಕೆ ಸುಮಾರು ಒಂಬತ್ತರಿಂದ ಹತ್ತು ಮೂಟೆ ಸಿಮೆಂಟ್ ಬೇಕಾಗುತ್ತದೆ. ಆರೇ ಮೂಟೆಯಲ್ಲಿ ಮುಗಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ಹಣ ಮತ್ತು ಕರಾರು

ಮುಂಗಡವು ಮುಂದಿನ ಒಂದು ಹಂತದ ಕೆಲಸವನ್ನು ಮೀರಬಾರದು. ಪಾಯ, ಲಿಂಟಲ್, ತಾರಸಿ, ಗಾರೆ ಎಂದು ಹಂತ ಮಾಡಿ, ಹಂತ ಮುಗಿದ ಮೇಲೆ ಹಣ ಕೊಡಿರಿ. ನೂರಕ್ಕೆ ಹತ್ತು ಭಾಗವನ್ನು ಮೊದಲ ಮಳೆ ಕಳೆಯುವವರೆಗೆ ಉಳಿಸಿಕೊಳ್ಳುವುದನ್ನು ಮೊದಲೇ ಒಪ್ಪಿಸಿರಿ. ನಡುವೆ ಕೆಲಸ ಹೆಚ್ಚಾದರೆ ಅದರ ದರವನ್ನು ಆ ದಿನವೇ ಬರೆದು ಇಬ್ಬರೂ ಸಹಿ ಹಾಕಬೇಕು. ಕರಾರು ಬರೆಯುವುದು ಮೇಸ್ತ್ರಿಯ ಮೇಲಿನ ಅಪನಂಬಿಕೆಯಿಂದಲ್ಲ; ಹಣ ಸಿಗುವುದೆಂಬ ಭರವಸೆ ಅವರಿಗೂ ಬೇಕಷ್ಟೆ. ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದಾರೆಯೇ ಎಂದೂ ವಿಚಾರಿಸಿರಿ. ಕೆಡವುವ ಕೆಲಸದಲ್ಲಿ ಪೆಟ್ಟು ಬೀಳುವುದು ಮೊದಲು ಅವರಿಗೇ.

ಹಂಗಾಮು ಮತ್ತು ನೀರು

ಅಡಿಕೆ ಬೇಯಿಸಿ ಒಣಗಿಸುವ ದಿನಗಳಲ್ಲಿ ಅಂಗಳವೂ ಮಾಳಿಗೆಯೂ ನಮ್ಮ ಕೈಯಲ್ಲಿರಬೇಕು. ಮಾಲು ಒಣಗಿ ಭೀಮಸಮುದ್ರದ ಮಂಡಿಗೋ ಸಂಘಕ್ಕೋ ಹೋದ ಮೇಲೆ, ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲ ಈ ಕೆಲಸಕ್ಕೆ ಉತ್ತಮ. ಆಗ ಕೈಯಲ್ಲಿ ಹಣವೂ ಇರುತ್ತದೆ, ಮುಂಗಾರಿಗೆ ಮುಂಚೆ ಸೂರೂ ಮುಚ್ಚುತ್ತದೆ. ತಾರಸಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ನೀರುಣಿಸಬೇಕು. ಏಪ್ರಿಲ್‌ಗೆ ಹೋದರೆ ಅದೇ ಬೋರ್‌ವೆಲ್ಲಿನ ನೀರನ್ನು ತೋಟವೂ ಕೇಳುತ್ತದೆ. ಸವಳು ನೀರನ್ನು ಕಾಂಕ್ರೀಟಿಗೆ ಹಾಕಬಾರದು; ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ನೀರನ್ನು ಮೊದಲೇ ಪರೀಕ್ಷೆ ಮಾಡಿಸಿರಿ.

ಪರವಾನಗಿ

ಹಳ್ಳಿಯಲ್ಲಾದರೆ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಅನುಮತಿ, ಪಟ್ಟಣದಲ್ಲಾದರೆ ಅಲ್ಲಿನ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಇ-ಸ್ವತ್ತು ದಾಖಲೆಯಲ್ಲಿ ಹೆಸರೂ ಅಳತೆಯೂ ಸರಿಯಿವೆಯೇ ಎಂದು ನೋಡಿಕೊಳ್ಳಿರಿ. ಅಣ್ಣತಮ್ಮಂದಿರ ಜಂಟಿ ಗೋಡೆಯಾದರೆ ಅವರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಮೀಟರು, ವೈರು ಗೋಡೆಯಲ್ಲಿದ್ದರೆ ಬೆಸ್ಕಾಂಗೆ ತಿಳಿಸಿ ಸ್ಥಳಾಂತರಿಸಿದ ಮೇಲೆಯೇ ಹಾರೆ ಹಾಕಿಸಬೇಕು.

ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರ ಹೆಂಚಿನ ಮನೆಗಳಿಗೂ ಈ ಮಾತುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ. ತೋಟಕ್ಕೆ ಸಸಿ ಹಾಕುವ ಮೊದಲು ನಾವು ಮಣ್ಣು ನೋಡುತ್ತೇವೆ, ನೀರು ನೋಡುತ್ತೇವೆ, ಗುಂಡಿ ತೆಗೆದು ಬಿಸಿಲಿಗೆ ಬಿಡುತ್ತೇವೆ. ಮನೆಗೂ ಅಷ್ಟೇ ತಾಳ್ಮೆ ತೋರಿಸೋಣ. ಮಾತಿಗೆ ಹದಿನೈದು ದಿನ ಹೆಚ್ಚು ಹಿಡಿದರೂ ಚಿಂತೆಯಿಲ್ಲ. ಒಮ್ಮೆ ಕಂಬ ಕೆಳಗೆ ಬಂದ ಮೇಲೆ ಮಾತಿಗೆ ಸಮಯವಿರುವುದಿಲ್ಲ.